ಮನ್ನಾ ಆದ ಸಾಲ ಕಟ್ಟಿದವರು ಯಾರು?

ಚಳ್ಳಕೆರೆ, ಮೊಳಕಾಲ್ಮುರು ಸೀಮೆಗೆ ಮುಕ್ತಿಯ ಮಾತು ಹೊಸದಲ್ಲ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕ ಬರೆಸಿದ ಶಾಸನಗಳನ್ನು ಬಿ.ಎಲ್. ರೈಸ್ 1892ರಲ್ಲಿ ಪತ್ತೆ ಮಾಡಿದರು. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಶ್ರಮಪಟ್ಟರೆ ಸ್ವರ್ಗ ಪಡೆಯಬಹುದು ಎಂಬ ಮಾತು ಅಲ್ಲಿದೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಜಾತ್ರೆಯಲ್ಲಿ ಮುಕ್ತಿ ಬಾವುಟ ಲಕ್ಷಾಂತರ ರೂಪಾಯಿಗೆ ಹರಾಜಾಗುತ್ತದೆ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಸ್ವಾಮಿಯ ಮಾತು ಮಕ್ಕಳ ಬಾಯಲ್ಲೂ ಇದೆ. ಇಂಥ ನೆಲದಲ್ಲಿ ಮೇಷ್ಟ್ರಾಗಿದ್ದ ನಾನು ಕ್ರೈಸ್ತ. ‘ನಿಮ್ಮ ಯೇಸು ರಕ್ಷಣೆ ಕೊಡೋದು ಹೆಂಗೆ?’ ಎಂದು ಆಗಾಗ ಯಾರಾದರೂ ಕೇಳುತ್ತಿದ್ದರು. ಕೃಪೆ, ಪ್ರಾಯಶ್ಚಿತ್ತ ಎಂಬ ನಮ್ಮ ಮಾತುಗಳು ಸಭೆಯ ಬಾಗಿಲು ದಾಟಿ ಹೆಚ್ಚು ದೂರ ಹೋಗುವುದಿಲ್ಲ.

ದೂರ ಹೋಗುವ ಮಾತು ಸಿಕ್ಕಿದ್ದು 2018ರಲ್ಲಿ, ಸರ್ಕಾರ ಬೆಳೆಸಾಲ ಮನ್ನಾ ಘೋಷಿಸಿದಾಗ. ಚಳ್ಳಕೆರೆ ಕಡೆ ಶೇಂಗಾ ಬಿತ್ತುವವರಿಗೆ ಸಾಲ ಎಂದರೇನೆಂದು ವಿವರಿಸಬೇಕಿಲ್ಲ. ಮಳೆ ಕೈಕೊಟ್ಟರೆ ಬೀಜದ ದುಡ್ಡೂ ಹುಟ್ಟದು; ಬಡ್ಡಿಗೆ ಮಾತ್ರ ಬರಗಾಲವಿಲ್ಲ. ‘ಪಾಪವೂ ಅಂಥದ್ದೇ ಸಾಲ. ನಮ್ಮ ಕೈಲಿ ತೀರದ್ದನ್ನು ದೇವರೇ ಮನ್ನಾ ಮಾಡಿದ’ ಎಂದೆ, ಟೀ ಅಂಗಡಿಯಲ್ಲಿ ಕೂತು.

ಪಕ್ಕದಲ್ಲಿದ್ದ ರೈತರೊಬ್ಬರು ಅಷ್ಟಕ್ಕೇ ಬಿಡಲಿಲ್ಲ. ‘ಮನ್ನಾ ಅಂದ್ರೆ ಸಾಲ ಮಾಯ ಆಗಲ್ಲ ಮೇಷ್ಟ್ರೇ. ಬ್ಯಾಂಕಿಗೆ ಯಾರಾದ್ರೂ ಕಟ್ಲೇಬೇಕು. ನಿಮ್ಮದನ್ನ ಕಟ್ಟಿದ್ದು ಯಾರು?’

ನಾನು ಕೇಳಿದ ಯಾವ ಪ್ರಸಂಗದಲ್ಲೂ ಶಿಲುಬೆ ಇಷ್ಟು ನೇರವಾಗಿ ಎದುರಿಗೆ ಬಂದಿರಲಿಲ್ಲ. ಕ್ರೈಸ್ತರ ಉತ್ತರ ಇಷ್ಟೇ: ಸಾಲ ಕೊಟ್ಟವನೇ ಕಟ್ಟಿದ, ತನ್ನ ಮಗನ ಜೀವ ತೆತ್ತು. ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲೂ ಸಾಲಪತ್ರವನ್ನು ಶಿಲುಬೆಗೆ ಜಡಿದ ಮಾತೇ ಇದೆ. ಸರ್ಕಾರದ ಮನ್ನಾಕ್ಕೆ ಕುಟುಂಬಕ್ಕೆ 2 ಲಕ್ಷದ ಮಿತಿ ಇತ್ತು, ಅರ್ಹರ ಪಟ್ಟಿ ಇತ್ತು, ಊರಿನ ಕೈಸಾಲ ಅದರೊಳಗೆ ಬರಲಿಲ್ಲ. ಸುವಾರ್ತೆಯಲ್ಲಿ ಪಟ್ಟಿಯಿಲ್ಲ. ಯೇಸುವಿನ ಪಕ್ಕದ ಶಿಲುಬೆಯಲ್ಲಿದ್ದ ಕಳ್ಳ ಯಾವ ಪಹಣಿ ಕೊಟ್ಟಿದ್ದ?

ಮೊಳಕಾಲ್ಮುರಿಗೆ ವರ್ಗವಾದ ಮೇಲೆ ಈ ಮನ್ನಾದ ಮಾತಿನ ಇನ್ನೊಂದು ತುದಿ ಕಂಡಿತು. ಅಲ್ಲಿ ರೇಷ್ಮೆ ಸೀರೆ ನೇಯುವ ಎಷ್ಟೋ ಮನೆಗಳಲ್ಲಿ ಹಾಸು, ಹೊಕ್ಕು, ಜರಿ ಎಲ್ಲ ಮಾಲೀಕರದು, ಮಗ್ಗದವರಿಗೆ ಕೂಲಿ. ಮದುವೆಗೋ ಆಸ್ಪತ್ರೆಗೋ ಮುಂಗಡ ತಂದರೆ, ಅದು ತೀರುವವರೆಗೆ ಬೇರೆಯವರ ಸೀರೆ ನೇಯುವುದು ಕಷ್ಟ. ಅಂಥದ್ದೊಂದು ಮನೆಯಲ್ಲಿ ಮತ್ತಾಯನ 18ನೇ ಅಧ್ಯಾಯದ ಸಾಮ್ಯ ಹೇಳಿದೆ. ಅರಸನಿಗೆ 10,000 ತಲಾಂತು ಕೊಡಬೇಕಿದ್ದ ಆಳಿಗೆ ಅಷ್ಟೂ ಮಾಫಿಯಾಯಿತು. ಅವನು ಹೊರಗೆ ಬಂದವನೇ, ತನಗೆ 100 ದಿನಾರಿ ಬಾಕಿಯಿದ್ದ ಜೊತೆಯಾಳಿನ ಕುತ್ತಿಗೆ ಹಿಡಿದ. ದಿನಾರಿ ಎಂದರೆ ಒಂದು ದಿನದ ಕೂಲಿ. ತಲಾಂತಿಗೆ ಸುಮಾರು 6,000 ದಿನಾರಿ. ಮನೆಯ ಯಜಮಾನರೇ ಗುಣಿಸಿದರು: ಬಿಟ್ಟದ್ದು 6 ಕೋಟಿ ದಿನದ ಕೂಲಿ, ಜಗಳವಾಡಿದ್ದು ನೂರು ದಿನದ ಕೂಲಿಗೆ!

ಅವರ ಹೆಂಡತಿ ಲಾಳಿ ನಿಲ್ಲಿಸದೆಯೇ ಕೇಳಿದರು: ‘ನಿಮ್ಮ ಜನದಲ್ಲೂ ಸಾಲ ಕೊಡೋರು ಇದಾರಲ್ಲ ಸಾರ್, ಅವರು ಬಿಡ್ತಾರಾ?’

ಬಿಟ್ಟವರನ್ನು ನಾನು ಹೆಚ್ಚು ಕಂಡಿಲ್ಲ. ಪುಕ್ಕಟೆ ಸಿಕ್ಕ ರಕ್ಷಣೆಯ ಬಗ್ಗೆ ಭಾನುವಾರ ಸಾಕ್ಷಿ ಹೇಳಿ, ಸೋಮವಾರ ಬಡ್ಡಿ ಎಣಿಸುವವರು ನಮ್ಮಲ್ಲೂ ಇದ್ದಾರೆ. ಸಭೆಗೆ ಬರುವ ಅಣ್ಣಂದಿರೇ, ಅಕ್ಕಂದಿರೇ, ದುಡಿದು ದುಡಿದೂ ತೀರಿಸಲಾಗದವರ ಚೀಟಿಯೊಂದು ನಿಮ್ಮ ಪೆಟ್ಟಿಗೆಯಲ್ಲಿದ್ದರೆ, ಈ ಕ್ರಿಸ್‌ಮಸ್‌ಗೆ ಮೊದಲು ಅದನ್ನು ಅವರ ಎದುರಿಗೇ ಹರಿದುಹಾಕಿ.