ಪಟ್ಟೆಗರಿಯ ಕೋಳಿ: ಮರಿಯಲ್ಲೇ ಹುಂಜ-ಹೇಂಟೆ ಗುರುತಿಸುವ ಬಗೆ

ಕಣದಲ್ಲಿ ಹರಡಿದ ಕಾಫಿಯನ್ನು ಕೆದಕುವ ಕೋಳಿಯನ್ನು ಕಂಡರೆ ನಮ್ಮಲ್ಲಿ ಅನೇಕ ಯಜಮಾನರಿಗೆ ಸಿಟ್ಟು. ಆದರೆ ಕಾಫಿಯ ಹಣ ಬರುವುದು ವರ್ಷಕ್ಕೊಮ್ಮೆ. ಮೊಟ್ಟೆಯ ಹಣ ವಾರದ ಸಂತೆಗೇ ಕೈಗೆ ಸಿಗುತ್ತದೆ. ಅದು ಮನೆಯ ಹೆಂಗಸರ ಕೈಯಲ್ಲಿ ಉಪ್ಪು, ಸೋಪು, ಮಕ್ಕಳ ಪುಸ್ತಕವಾಗುತ್ತದೆ. ಆದ್ದರಿಂದ ಈ ಸಲದ ಪಾಠವನ್ನು ಸದಸ್ಯ ಬಾಂಧವರು ತಾವೊಬ್ಬರೇ ಓದಿ ಬದಿಗಿಡದೆ ಮನೆಯಲ್ಲಿ ಓದಿ ಹೇಳಬೇಕೆಂದು ಕೋರುತ್ತೇವೆ.

ಗರಿಯ ಬಣ್ಣ ಬರಿಯ ಅಂದದ ವಿಷಯವಲ್ಲ. ತೋಟದ ನೆರಳಿನಲ್ಲಿ ಅಚ್ಚ ಬಿಳಿಯ ಕೋಳಿ ದೂರದಿಂದಲೇ ಎದ್ದು ಕಾಣುತ್ತದೆ, ನಮಗೂ ಗಿಡುಗನಿಗೂ. ನಾಟಿ ಕೋಳಿ ಕೊಳ್ಳಲು ಬಂದವನು ಬಣ್ಣ ನೋಡಿಯೇ ಬೆಲೆ ಕಟ್ಟುತ್ತಾನೆ. ಹರಕೆಗೆ ಕೊಳ್ಳುವವರಂತೂ ಇಂಥದೇ ಬಣ್ಣದ ಹುಂಜ ಬೇಕೆಂದು ಹುಡುಕಿಕೊಂಡು ಬರುತ್ತಾರೆ. ಇವೆಲ್ಲಕ್ಕಿಂತ ದೊಡ್ಡ ಪ್ರಯೋಜನ ಮತ್ತೊಂದಿದೆ. ಬಣ್ಣಗಳನ್ನು ಸರಿಯಾಗಿ ಕೂಡಿಸಿದರೆ, ಮೊಟ್ಟೆಯೊಡೆದ ದಿನವೇ ಯಾವ ಮರಿ ಹುಂಜ, ಯಾವುದು ಹೇಂಟೆ ಎಂದು ತಿಳಿಯಬಹುದು. ಮೊಟ್ಟೆಗಾಗಿ ಸಾಕುವವರು ಬೇಡದ ಹುಂಜಗಳಿಗೆ ತಿಂಗಳುಗಟ್ಟಲೆ ಕಾಳು ಹಾಕುವುದು ತಪ್ಪುತ್ತದೆ.

ಇದರ ಗುಟ್ಟು ಕಪ್ಪು-ಬಿಳುಪು ಅಡ್ಡಪಟ್ಟೆಯ ಗರಿಯಲ್ಲಿದೆ. ಹೊರದೇಶದ ಪಟ್ಟೆ ಪ್ಲಿಮೌತ್ ರಾಕ್ ತಳಿಯಲ್ಲಿ ಇದು ಅಚ್ಚುಕಟ್ಟಾಗಿರುತ್ತದೆ. ನಮ್ಮ ನಾಟಿ ಕೋಳಿಗಳಲ್ಲಿಯೂ ಅಲ್ಲೊಂದು ಇಲ್ಲೊಂದು ಬೂದು ಪಟ್ಟೆಯ ಹೇಂಟೆ ಇರುವುದುಂಟು. ಮೆಂಡೆಲನ ನಿಯಮ ಕೋಳಿಗೂ ಅನ್ವಯಿಸುತ್ತದೆಂದು ಇಂಗ್ಲೆಂಡಿನ ಬೇಟ್ಸನ್ 1902ರಲ್ಲಿ ಜುಟ್ಟಿನ ಆಕಾರವನ್ನು ಹಿಡಿದು ತೋರಿಸಿದರು. ಪಟ್ಟೆಯ ಗುಣವು ಲಿಂಗಕ್ಕೆ ಅಂಟಿಕೊಂಡು ಸಾಗುತ್ತದೆಂದು ಅಮೆರಿಕದ ಸ್ಪಿಲ್‌ಮನ್ 1908ರಲ್ಲಿ ವಿವರಿಸಿದರು.

ಅಂಟಿಕೊಳ್ಳುವುದು ಹೇಗೆ? ಮನುಷ್ಯರಲ್ಲಿ ಮಗು ಗಂಡೋ ಹೆಣ್ಣೋ ಎಂಬುದು ತಂದೆಯ ಕಡೆಯಿಂದ ನಿರ್ಧಾರವಾಗುತ್ತದೆ. ಕೋಳಿಯಲ್ಲಿ ತಿರುವುಮುರುವು, ತಾಯಿಯ ಕಡೆಯಿಂದ. ಹುಂಜದಲ್ಲಿ ಲಿಂಗದ ವರ್ಣತಂತು ಒಂದೇ ಬಗೆಯವು ಎರಡು ಇರುತ್ತವೆ. ಹೇಂಟೆಯಲ್ಲಿ ಆ ಬಗೆಯದು ಒಂದೇ, ಜೊತೆಗೆ ಬೇರೆ ಬಗೆಯ ಚಿಕ್ಕದೊಂದು. ಪಟ್ಟೆಯ ವಂಶವಾಹಿ ಇರುವುದು ಆ ಮೊದಲ ಬಗೆಯದರಲ್ಲಿ. ಹೇಂಟೆ ಅದನ್ನು ತನ್ನ ಗಂಡುಮರಿಗಳಿಗೆ ಮಾತ್ರ ಕೊಡುತ್ತದೆ. ಹೆಣ್ಣುಮರಿಗೆ ಕೊಡುವುದು ಚಿಕ್ಕದನ್ನು. ಆದ್ದರಿಂದ ಪಟ್ಟೆಯ ಹೇಂಟೆಗೆ ಪಟ್ಟೆಯಿಲ್ಲದ ಹುಂಜವನ್ನು ಬಿಟ್ಟರೆ ಗಂಡುಮರಿಗಳೆಲ್ಲ ಪಟ್ಟೆಯವು, ಹೆಣ್ಣುಮರಿಗಳೆಲ್ಲ ಪಟ್ಟೆಯಿಲ್ಲದವು. ಅಂದರೆ ಮಗ ತಾಯಿಯಂತೆ, ಮಗಳು ತಂದೆಯಂತೆ!

ನಾವು ಮೊದಲ ಸಲ ಇದನ್ನೇ ತಲೆಕೆಳಗು ಮಾಡಿದೆವು. ಒಂದು ಹುಂಜ ತಂದರೆ ಹತ್ತು ಹೇಂಟೆಗೆ ಸಾಕು, ಹತ್ತು ಹೇಂಟೆ ಕೊಳ್ಳುವ ಖರ್ಚೇಕೆ ಎಂದು ಲೆಕ್ಕ ಹಾಕಿ, ಒಳ್ಳೆಯ ಪಟ್ಟೆಯ ಹುಂಜವನ್ನೇ ತಂದು ನಾಟಿ ಹೇಂಟೆಗಳ ಜೊತೆ ಬಿಟ್ಟೆವು. ಮರಿಗಳು ಚೆನ್ನಾಗಿಯೇ ಬಂದವು, ಆದರೆ ಗಂಡು ಹೆಣ್ಣು ಎನ್ನದೆ ಎಲ್ಲವೂ ಪಟ್ಟೆ. ಸರಿ, ಮುಂದಿನ ವರ್ಷ ನೋಡೋಣವೆಂದು ಅವನ್ನೇ ನಾಟಿ ಹೇಂಟೆಗಳ ಜೊತೆ ಬೆರೆಸಿ ಬಿಟ್ಟೆವು. ಆಗ ಬಂದ ಮರಿಗಳಲ್ಲಿ ಪಟ್ಟೆ ಇದ್ದವು, ಇಲ್ಲದವು ಎರಡೂ ಲಿಂಗದಲ್ಲಿ ಕಲಸಿಹೋಗಿದ್ದವು. ಎರಡು ವರ್ಷದ ಕಾಳು ಹುಂಜಗಳ ಹೊಟ್ಟೆ ಸೇರಿತು. ಮನೆಯವರು ಏನೂ ಹೇಳಲಿಲ್ಲ. ಅದೇ ಹೆಚ್ಚು ನಾಟಿತು.

ಆದ್ದರಿಂದ ಪಟ್ಟೆ ಇರಬೇಕಾದದ್ದು ಹೇಂಟೆಯಲ್ಲಿ. ಹುಂಜ ಕೆಂಪು ಅಥವಾ ಕಪ್ಪು ಬಣ್ಣದ್ದಿರಲಿ. ರೋಡ್ ಐಲೆಂಡ್ ರೆಡ್ ಇದಕ್ಕೆ ಹೇಳಿಮಾಡಿಸಿದ್ದು. ಬಿಳಿಯ ಹುಂಜ ಮಾತ್ರ ಬೇಡ. ಲೆಗ್‌ಹಾರ್ನಿನ ಬಿಳುಪು ಉಳಿದ ಬಣ್ಣಗಳನ್ನು ಮುಚ್ಚುವ ಬಿಳುಪು. ಸುಣ್ಣ ಬಳಿದ ಗೋಡೆಯ ಹಾಗೆ, ಅಡಿಯಲ್ಲಿ ಏನಿದೆಯೆಂದು ತಿಳಿಯದು. ಪಟ್ಟೆಯೂ ಅಡಗಿರಬಹುದು.

ಮರಿ ಹುಟ್ಟಿ ಮೈ ಒಣಗಿದ ಕೂಡಲೇ ನೋಡಬೇಕು. ಆಗ ಗರಿ ಇರುವುದಿಲ್ಲ, ಪಟ್ಟೆಯೂ ಕಾಣದು. ಕಪ್ಪು ತುಪ್ಪಳದ ಮರಿಯ ನೆತ್ತಿಯಲ್ಲಿ ಬಿಳಿಯ ಬೊಟ್ಟು ಇದ್ದರೆ ಅದು ಗಂಡು. ನೆತ್ತಿಯೆಲ್ಲ ಕಪ್ಪಾಗಿದ್ದರೆ ಹೆಣ್ಣು. ಹೇಂಟೆಯ ಪಟ್ಟೆ ಅಚ್ಚ ಕಪ್ಪು-ಬಿಳುಪಿನದಾಗಿದ್ದರೆ ಈ ಗುರುತು ಸ್ಪಷ್ಟ. ಕೆಂಪು ಬೆರೆತ ನಾಟಿ ಹೇಂಟೆಯಾದರೆ ಮರಿಯ ತುಪ್ಪಳ ಕಂದಾಗಿ ಬೊಟ್ಟು ಮಬ್ಬಾಗುತ್ತದೆ. ನೋಡಿದ ಕೂಡಲೇ ಹೆಣ್ಣುಮರಿಯ ಕಾಲಿಗೆ ಬಣ್ಣದ ನೂಲು ಸಡಿಲವಾಗಿ ಕಟ್ಟಿ, ಕಾಲು ಬೆಳೆದಂತೆ ಬದಲಿಸಿ. ಮರೆತರೆ ನೂಲು ಮಾಂಸಕ್ಕೆ ಕಚ್ಚುತ್ತದೆ.

ಒಂದು ಮಾತು ಬಹಳ ಮುಖ್ಯ. ಹಳೆಯ ಹುಂಜವನ್ನು ತೆಗೆದು ಹೊಸದನ್ನು ಬಿಟ್ಟ ಮಾತ್ರಕ್ಕೆ ಮರುದಿನದ ಮೊಟ್ಟೆ ಹೊಸ ಹುಂಜದ್ದಾಗುವುದಿಲ್ಲ. ಹುಂಜದ ವೀರ್ಯ ಹೇಂಟೆಯ ದೇಹದಲ್ಲಿ ಎರಡು ಮೂರು ವಾರ ಉಳಿಯುತ್ತದೆ. ಮೂರು ವಾರದ ಮೊಟ್ಟೆಯನ್ನು ಸಂತೆಗೆ ಕಳಿಸಿ, ಅನಂತರದ್ದನ್ನು ಕಾವಿಗಿಡಿ. ಅಷ್ಟು ದಿನ ನೆರೆಮನೆಯ ಹುಂಜ ಬೇಲಿ ಹಾರಿ ಬರದಂತೆಯೂ ನೋಡಿಕೊಳ್ಳಬೇಕು. ತೋಟದ ನಡುವೆ ಇದೇ ಕಷ್ಟದ ಕೆಲಸ. ಬಿದಿರಿನ ತಡಿಕೆಯ ಆವರಣವೊಂದನ್ನು ಕಟ್ಟದೆ ಈ ಕೆಲಸಕ್ಕೆ ಕೈಹಾಕಬೇಡಿ.

ಹೀಗೆ ಬಂದ ಕರಿ ಹೇಂಟೆಗಳು ಮೊಟ್ಟೆಗೆ ಒಳ್ಳೆಯವು. ಅವುಗಳಿಂದ ಮತ್ತೆ ಮರಿ ಮಾಡಿದರೆ ಗುರುತು ನಿಲ್ಲದು. ಪ್ರತಿ ಸಲವೂ ಮೂಲದ ಪಟ್ಟೆ ಹೇಂಟೆಗಳಿಂದಲೇ ಹೊರಡಬೇಕು. 1989ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಿಂದ ಹೊರಬಂದ ಗಿರಿರಾಜದ ವಿಷಯದಲ್ಲಿಯೂ ಹೀಗೆಯೇ. ಅದು ಮಿಶ್ರತಳಿ, ಮನೆಯಲ್ಲಿ ಮರಿ ಮಾಡಿಸಿದರೆ ತಾಯಿಯ ಹಾಗೆ ಬರಲಿಲ್ಲವೆಂದು ದೂರಿ ಪ್ರಯೋಜನವಿಲ್ಲ.

ಪಟ್ಟೆಯ ಮೂಲವನ್ನು ಮನೆಯಲ್ಲೇ ಉಳಿಸಿಕೊಳ್ಳಬೇಕಾದರೆ ಪಟ್ಟೆಯ ಹೇಂಟೆಗೆ ಎರಡೂ ಕಡೆಯಿಂದ ಪಟ್ಟೆ ಪಡೆದ ಹುಂಜ ಬೇಕು. ಅಂಥ ಹುಂಜದ ಗರಿಯಲ್ಲಿ ಬಿಳಿಪಟ್ಟೆ ಅಗಲವಾಗಿದ್ದು, ಮೈ ಹೇಂಟೆಗಿಂತ ತಿಳಿಯಾಗಿ ಕಾಣುತ್ತದೆ. ಅನುಮಾನವಿದ್ದರೆ ಅದನ್ನು ಪಟ್ಟೆಯಿಲ್ಲದ ಕರಿ ಹೇಂಟೆಯೊಂದಿಗೆ ಬಿಟ್ಟು ಪರೀಕ್ಷಿಸಿ. ಪಟ್ಟೆಯಿಲ್ಲದ ಮರಿ ಒಂದು ಬಂದರೂ ಹುಂಜ ಬೆರಕೆ. ಎಂಟು ಮರಿಗೆ ಎಂಟೂ ಪಟ್ಟೆಯಾದರೆ ಧೈರ್ಯವಾಗಿ ಇಟ್ಟುಕೊಳ್ಳಬಹುದು. ಬೆರಕೆ ಹುಂಜದಿಂದ ಹಾಗೆ ಬರುವ ಸಂಭವ 256ರಲ್ಲಿ ಒಂದು ಸಲ ಮಾತ್ರ.

ಹೇಂಟೆಗಳನ್ನು ಬೇಸಿಗೆಗೆ ಮೊದಲೇ ಆರಿಸಿಟ್ಟುಕೊಳ್ಳಿ. ಕಾವು 21 ದಿನ. ಮಳೆ ಹಿಡಿಯುವ ಮೊದಲು ಮರಿಗಳಿಗೆ ಗರಿ ಬಲಿತಿರಬೇಕು.