ಪರದೆಯ ಮೇಲಿನ ನಮ್ಮದೇ ಮುಖ



ಸಿಂದಗಿಯಲ್ಲಿಯೋ ಮುದ್ದೇಬಿಹಾಳದಲ್ಲಿಯೋ ರಾತ್ರಿಯ ಕೊನೆಯ ಬಸ್ಸಿಗಾಗಿ ಒಬ್ಬರೇ ಕಾದು ಕುಳಿತಿದ್ದೀರೆಂದು ಭಾವಿಸಿರಿ. ಎದುರಿನ ಬೆಂಚಿನ ಮೇಲೆ ನಿಮ್ಮದೇ ಮುಖ, ನಿಮ್ಮದೇ ಉಡುಪು ತೊಟ್ಟ ಇನ್ನೊಬ್ಬರು ಕುಳಿತಿದ್ದರೆ?

1960ರ ಫೆಬ್ರವರಿಯಲ್ಲಿ ಅಮೆರಿಕದ 'ದಿ ಟ್ವೈಲೈಟ್ ಝೋನ್' ಎಂಬ ಟಿ.ವಿ. ಮಾಲಿಕೆಯ 'ಮಿರರ್ ಇಮೇಜ್' ಕಂತು ನೋಡುಗರನ್ನು ಹೆದರಿಸಿದ್ದು ಹೀಗೆಯೇ. ಬರೆದವರು ರಾಡ್ ಸರ್ಲಿಂಗ್. ಒಂದು ಬಸ್ ನಿಲ್ದಾಣ, ಬೆರಳೆಣಿಕೆಯ ಪಾತ್ರಗಳು. ಮಿಲಿಸೆಂಟ್ ಎಂಬ ಯುವತಿಗೆ ತನ್ನ ಪ್ರತಿರೂಪ ಕಾಣುತ್ತದೆ. ಅದು ಬೇರೊಂದು ಲೋಕದಿಂದ ಬಂದು ತನ್ನ ಸ್ಥಾನವನ್ನು ಕಸಿದುಕೊಳ್ಳಲಿದೆಯೆಂದು ಆಕೆ ನಡುಗುತ್ತಾಳೆ. ಸಹಾಯಕ್ಕೆ ಬಂದ ಸಹಪ್ರಯಾಣಿಕನೇ ಆಕೆಯನ್ನು ಹುಚ್ಚಿಯೆಂದೆಣಿಸಿ ಪೊಲೀಸರಿಗೆ ಒಪ್ಪಿಸುತ್ತಾನೆ. ಬಳಿಕ ಅವನ ಪೆಟ್ಟಿಗೆಯೇ ಕಾಣೆಯಾಗುತ್ತದೆ. ಅಟ್ಟಿಸಿಕೊಂಡು ಹೋದರೆ ಮುಂದೆ ಓಡುತ್ತಿರುವವನೂ ಅವನೇ!

ಇಲ್ಲಿ ಪ್ರತಿರೂಪವೇ ಕಳ್ಳ. ಆದರೆ ನಮ್ಮ ಗಿರೀಶ ಕಾರ್ನಾಡರು ಇದನ್ನು ತಿರುವು ಮುರುವು ಮಾಡಿದರು. ಅವರ 'ಒಡಕಲು ಬಿಂಬ' 2005ರಲ್ಲಿ ಬೆಂಗಳೂರಿನ ರಂಗಶಂಕರದಲ್ಲಿ ಪ್ರದರ್ಶನ ಕಂಡಿತು. ರಂಗದ ಮೇಲೆ ಒಬ್ಬರೇ ನಟಿ, ಅರುಂಧತಿ ನಾಗ್. ಜೊತೆಗೊಂದು ಟಿ.ವಿ. ಪರದೆ. ಕನ್ನಡದ ಲೇಖಕಿ ಮಂಜುಳಾ ನಾಯಕ್ ಇಂಗ್ಲಿಷಿನಲ್ಲಿ ಕಾದಂಬರಿ ಬರೆದು ಪ್ರಸಿದ್ಧಳಾಗಿದ್ದಾಳೆ. ಸ್ಟುಡಿಯೋದಲ್ಲಿ ಭಾಷಣ ಮುಗಿಸಿ ಏಳುವಾಗ, ಪರದೆಯ ಮೇಲಿನ ಅವಳದೇ ಬಿಂಬ ಮಾತನಾಡಿಸುತ್ತದೆ. ಅದು ಬೆದರಿಸುವುದಿಲ್ಲ, ಕೂಗಾಡುವುದಿಲ್ಲ. ಮೆಲ್ಲಗೆ ಒಂದೊಂದೇ ಪ್ರಶ್ನೆ ಕೇಳುತ್ತದೆ. ಕೊನೆಗೆ ಹೊರಬರುವ ಸತ್ಯ ಇದು: ಕಾದಂಬರಿ ಬರೆದವಳು ಗಾಲಿಕುರ್ಚಿಯಲ್ಲಿಯೇ ಬಾಳಿ ತೀರಿಕೊಂಡ ತಂಗಿ ಮಾಲಿನಿ. ಅಕ್ಕ ಅದಕ್ಕೆ ತನ್ನ ಹೆಸರಿಟ್ಟುಕೊಂಡಿದ್ದಾಳೆ.

ಮಂಜುಳೆಯನ್ನು ಕೇವಲ ದುಷ್ಟಳೆಂದು ತಳ್ಳಿಹಾಕುವುದು ಸುಲಭ. ಆದರೆ ತಂದೆತಾಯಿಯ ಅಕ್ಕರೆಯೆಲ್ಲ ತಂಗಿಯ ಪಾಲಾಯಿತು. ಅವರು ಹೋದ ಮೇಲೆ ತಂಗಿಯನ್ನು ಮನೆಯಲ್ಲಿಟ್ಟುಕೊಂಡು ನೋಡಿಕೊಂಡವಳೂ ಅವಳೇ. 'ಇಷ್ಟೆಲ್ಲ ಮಾಡಿದ್ದೇನೆ, ಇದೊಂದು ನನ್ನದಾದರೇನು?' ಎಂಬ ಲೆಕ್ಕ ನಮಗೂ ಗುರುತಿನದೇ. ಸೇವೆ ಮಾಡಿದವರಿಗೆ ಈ ಶೋಧನೆ ಹೆಚ್ಚು. ಗುರುಗಳಾದ ನಾವೂ ಇದಕ್ಕೆ ಹೊರತಲ್ಲ.

ಇಂಡಿಯಲ್ಲಾಗಲಿ ಬಸವನ ಬಾಗೇವಾಡಿಯಲ್ಲಾಗಲಿ ಕಾದಂಬರಿ ಕದಿಯುವವರು ಯಾರೂ ಸಿಗಲಾರರು. ಇಲ್ಲಿ ಇರುವುದು ಹೊಲ, ಮನೆ, ಬಾವಿಯ ಪಾಲು. ಮುಪ್ಪಿನ ತಾಯಿಯನ್ನು ನೋಡಿಕೊಂಡ ಅಣ್ಣ, ಮದುವೆಯಾಗಿ ಹೋದ ತಂಗಿಯಿಂದ ಕಾಗದವೊಂದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾನೆ. ಅದರಲ್ಲಿ ಏನು ಬರೆದಿದೆ ಎಂದು ಓದಿ ಹೇಳುವುದಿಲ್ಲ. 'ಮದುವೆಗೆ ಖರ್ಚು ಮಾಡಿಲ್ಲವೇ?' ಎಂಬ ಸಮಾಧಾನ ಬೇರೆ. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಂತೆ, ಉಯಿಲು ಬರೆಯದೆ ತೀರಿಕೊಂಡ ಕ್ರೈಸ್ತ ತಂದೆಯ ಆಸ್ತಿಯಲ್ಲಿ ಮೂರನೆಯ ಒಂದು ಭಾಗ ಹೆಂಡತಿಗೆ. ಉಳಿದದ್ದು ಮಕ್ಕಳಿಗೆ, ಗಂಡು ಹೆಣ್ಣೆಂಬ ಭೇದವಿಲ್ಲದೆ ಸಮಪಾಲು. ತಂಗಿ ತಿಳಿದು, ಮನಸಾರೆ ಬಿಟ್ಟುಕೊಟ್ಟರೆ ಆ ಮಾತು ಬೇರೆ.

ಕದ್ದದ್ದನ್ನು ಹಿಂದಿರುಗಿಸಬೇಕೆಂಬುದು ಧರ್ಮಸಭೆಯ ಬೋಧನೆ. ಜಕ್ಕಾಯ ನಾಲ್ಕರಷ್ಟು ಕೊಡುತ್ತೇನೆಂದ. ನಾವಾದರೋ ಪಾಪನಿವೇದನೆಗೆ ಬಂದು, ಸಿಟ್ಟು ಮಾಡಿದೆ, ಸುಳ್ಳು ಹೇಳಿದೆ, ಪೂಜೆ ತಪ್ಪಿಸಿದೆ ಎಂದು ಒಪ್ಪಿಸಿ ಹಗುರಾಗಿ ಎದ್ದು ಹೋಗುತ್ತೇವೆ. ಹೆಬ್ಬೆಟ್ಟಿನ ಆ ಕಾಗದ ಮನೆಯ ಟ್ರಂಕಿನಲ್ಲಿ, ಬಟ್ಟೆಗಳ ಅಡಿಯಲ್ಲಿ ಹಾಗೆಯೇ ಇರುತ್ತದೆ.