ಮೂಕವಾದ ಲ್ಯಾಪ್‌ಟಾಪಿಗೆ ಮಾತು ಬರಿಸುವ ಕ್ರಮ

ನಿನ್ನೆಯವರೆಗೆ ಚೆನ್ನಾಗಿ ಮಾತನಾಡುತ್ತಿದ್ದ ಲ್ಯಾಪ್‌ಟಾಪು ಇಂದು ತೆರೆದರೆ ತುಟಿಪಿಟಕ್ಕೆನ್ನದೆ ಕುಳಿತಿರುವುದುಂಟು. ಚಿತ್ರ ಓಡುತ್ತದೆ, ಅಕ್ಷರ ಮೂಡುತ್ತದೆ, ಸದ್ದು ಮಾತ್ರ ಇಲ್ಲ. ಮಕ್ಕಳ ಪಾಠ ನಿಲ್ಲುತ್ತದೆ. ಊರಿನಲ್ಲಿರುವ ತಾಯಿಯ ಮುಖ ಕಂಡರೂ ಮಾತು ಕೇಳಿಸದು. ಈಗ ಎಷ್ಟೋ ನೌಕರಿಗಳ ಸಂದರ್ಶನವೂ ಇದೇ ಯಂತ್ರದ ಮುಖಾಂತರ ನಡೆಯುವುದರಿಂದ ಅದಕ್ಕೂ ಸಂಚಕಾರ. ಗಾಬರಿಯಲ್ಲಿ ದುರಸ್ತಿ ಅಂಗಡಿಗೆ ಓಡಿದವರಿಗೆ ಅನೇಕ ವೇಳೆ ಎರಡು ಉತ್ತರಗಳಲ್ಲೊಂದು ಸಿಗುತ್ತದೆ. 'ಬೋರ್ಡು ಹೋಗಿದೆ, ಬದಲಾಯಿಸಬೇಕು' ಎಂಬುದೊಂದು. 'ಫಾರ್ಮ್ಯಾಟ್ ಮಾಡಬೇಕು' ಎಂಬುದಿನ್ನೊಂದು. ಮೊದಲನೆಯದರಿಂದ ತಿಂಗಳ ಸಂಬಳದಲ್ಲಿ ದೊಡ್ಡ ಪಾಲು ಹೋಗುತ್ತದೆ. ಎರಡನೆಯದರಿಂದ, ಬೇರೆಡೆ ನಕಲು ಇಟ್ಟಿರದಿದ್ದರೆ, ಮನೆಯವರ ಫೋಟೋ, ಅಂಕಪಟ್ಟಿ, ಭವಿಷ್ಯನಿಧಿಯ ಕಾಗದಪತ್ರ ಎಲ್ಲವೂ ಅಳಿಸಿಹೋಗುತ್ತವೆ. ನೆಗಡಿ ಬಂದಿತೆಂದು ಮೂಗು ಕೊಯ್ದುಕೊಳ್ಳಬಾರದು. ಅಂಗಡಿಯ ಮೆಟ್ಟಿಲು ಹತ್ತುವ ಮುನ್ನ ಮನೆಯಲ್ಲಿಯೇ, ಕಾಸು ಖರ್ಚಿಲ್ಲದೆ ಮಾಡಿ ನೋಡಬಹುದಾದ ಕ್ರಮವನ್ನು ಇಲ್ಲಿ ಹೇಳಿದೆ. ವಿಂಡೋಸ್ ಇರುವ ಯಂತ್ರಗಳಿಗೆ ಇದು ಅನ್ವಯಿಸುತ್ತದೆ.

ಡ್ರೈವರ್ ಎಂದರೆ ಯಾರು?

ಡ್ರೈವರ್ ಎಂದೊಡನೆ ಲಾರಿ ಓಡಿಸುವವನು ನೆನಪಾಗುವುದು ಸಹಜ. ಇಲ್ಲಿ ಡ್ರೈವರ್ ಎಂದರೆ ಒಂದು ಚಿಕ್ಕ ತಂತ್ರಾಂಶ. ಗಿರಣಿಯಲ್ಲಿ ಮ್ಯಾನೇಜರ ಸಾಹೇಬರು ಮಗ್ಗ ನಡೆಸುವವನ ಹತ್ತಿರ ನೇರವಾಗಿ ಬರುವುದಿಲ್ಲ. ನಡುವೆ ಜಾಬರ ಇರುತ್ತಾನೆ. ಮೇಲಿನ ಅಪ್ಪಣೆಯನ್ನು ಕೆಳಗಿನವರಿಗೆ ತಿಳಿಯುವಂತೆ ಹೇಳುವವನು ಅವನೇ. ಜಾಬರ ಗೈರುಹಾಜರಾದ ದಿನ ಮಗ್ಗವೂ ಸರಿಯಾಗಿರುತ್ತದೆ, ಮ್ಯಾನೇಜರರೂ ಇರುತ್ತಾರೆ, ಆದರೆ ಕೆಲಸ ಸಾಗದು. ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಮ್ಯಾನೇಜರನ ಸ್ಥಾನದಲ್ಲಿದೆ. ಸದ್ದು ಹುಟ್ಟಿಸುವ ಚಿಪ್ಪು ಕೆಲಸಗಾರ. ಆಡಿಯೋ ಡ್ರೈವರ್ ಇಬ್ಬರ ನಡುವಿನ ಜಾಬರ. ಅಪ್‌ಡೇಟ್ ಅರ್ಧಕ್ಕೆ ನಿಂತಾಗ, ಹೊಂದಿಕೆಯಾಗದ ಡ್ರೈವರ್ ಬಂದು ಕುಳಿತಾಗ, ಅಥವಾ ಅದರ ಫೈಲು ಕೆಟ್ಟಾಗ ಸದ್ದು ನಿಂತುಹೋಗುತ್ತದೆ. ಚಿಪ್ಪಿಗಾಗಲಿ ಸ್ಪೀಕರಿಗಾಗಲಿ ಆಗ ಏನೂ ಆಗಿರುವುದಿಲ್ಲ. ಡ್ರೈವರನ್ನು ತೆಗೆದು ಮತ್ತೆ ಹಾಕಿದರೆ ಸಾಕು.

ಮೊದಲು ನೋಡತಕ್ಕ ಸಣ್ಣ ಸಂಗತಿಗಳು

ಡ್ರೈವರನ್ನು ಮುಟ್ಟುವ ಮುನ್ನ ನಾಲ್ಕು ಸಂಗತಿಗಳನ್ನು ನೋಡಿಕೊಳ್ಳಬೇಕು.

ಒಂದನೆಯದು, ಪರದೆಯ ಬಲಗಡೆ ಕೆಳಮೂಲೆಯಲ್ಲಿರುವ ಸ್ಪೀಕರ್ ಗುರುತು. ಅದರ ಪಕ್ಕದಲ್ಲಿ ಅಡ್ಡಗೆರೆ ಅಥವಾ ಗುಣಾಕಾರದ ಚಿಹ್ನೆ ಇದ್ದರೆ ಸದ್ದನ್ನು ಯಾರೋ ಮುಚ್ಚಿದ್ದಾರೆ ಎಂದರ್ಥ. ಕೀಲಿಮಣೆಯ ಮೇಲಿನ ಸಾಲಿನಲ್ಲಿ ಇದಕ್ಕೆಂದೇ ಒಂದು ಗುಂಡಿ ಇರುತ್ತದೆ. ಮಕ್ಕಳ ಕೈ ತಗಲಿದರೂ ಸಾಕು.

ಎರಡನೆಯದು, ಸದ್ದು ಬೇರೆ ದಾರಿ ಹಿಡಿದಿದೆಯೇ ಎಂಬುದು. ಬ್ಲೂಟೂತ್ ಇಯರ್‌ಫೋನಿಗೋ, ಕೇಬಲಿನಿಂದ ಜೋಡಿಸಿದ ಟಿ.ವಿ.ಗೋ ಸದ್ದು ಹೋಗುತ್ತಿದ್ದರೆ ಲ್ಯಾಪ್‌ಟಾಪಿನ ಸ್ಪೀಕರು ಸುಮ್ಮನಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಅದರೊಳಗೆ ಸೌಂಡ್ ತೆರೆದು, ಔಟ್‌ಪುಟ್ ಎಂಬಲ್ಲಿ ಸ್ಪೀಕರ್ಸ್ ಎಂಬುದನ್ನು ಆರಿಸಬೇಕು.

ಮೂರನೆಯದು, ಒಂದೇ ತಂತ್ರಾಂಶದಲ್ಲಿ ಸದ್ದಿಲ್ಲವೋ, ಎಲ್ಲದರಲ್ಲಿಯೂ ಇಲ್ಲವೋ ಎಂಬುದು. ಒಂದರಲ್ಲಿ ಮಾತ್ರ ಇಲ್ಲದಿದ್ದರೆ ದೋಷ ಆ ತಂತ್ರಾಂಶದ್ದು. ಸ್ಪೀಕರ್ ಗುರುತಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, ವಾಲ್ಯೂಮ್ ಮಿಕ್ಸರ್ ತೆರೆದರೆ ಯಾವುದರ ಸದ್ದು ಇಳಿದಿದೆಯೆಂದು ತಿಳಿಯುತ್ತದೆ.

ನಾಲ್ಕನೆಯದು ಬಹಳ ಮಂದಿಗೆ ತಿಳಿಯದ ಸಂಗತಿ. ಶಟ್‌ಡೌನ್ ಮಾಡಿ ಮತ್ತೆ ಹಚ್ಚಿದರೆ ಎಲ್ಲವೂ ಹೊಸದಾಗಿ ಆರಂಭವಾಗುತ್ತದೆಂದು ನಾವು ತಿಳಿದಿರುತ್ತೇವೆ. ಆದರೆ ಬೇಗ ತೆರೆದುಕೊಳ್ಳಲೆಂದು ವಿಂಡೋಸ್ 10 ಮತ್ತು 11ರಲ್ಲಿ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡು ಇದ್ದು, ಶಟ್‌ಡೌನ್ ಮಾಡಿದಾಗ ಡ್ರೈವರುಗಳ ಸ್ಥಿತಿಯನ್ನು ಹಾಗೆಯೇ ಕಾದಿಟ್ಟುಕೊಳ್ಳುತ್ತದೆ. ರೀಸ್ಟಾರ್ಟ್ ಒತ್ತಿದಾಗಲೇ ಅವು ಪೂರ್ತಿಯಾಗಿ ಹೊಸದಾಗಿ ಏಳುವುದು. ಆದುದರಿಂದ ಮೊದಲೊಮ್ಮೆ ರೀಸ್ಟಾರ್ಟ್ ಮಾಡಿ ನೋಡತಕ್ಕದ್ದು.

ಡ್ರೈವರ್ ತೆಗೆದು ಹಾಕುವ ಕ್ರಮ

ಇಷ್ಟಾದರೂ ಸದ್ದು ಬಾರದಿದ್ದರೆ ಡ್ರೈವರಿನ ಸರದಿ. ಚಾರ್ಜರನ್ನು ಜೋಡಿಸಿಕೊಳ್ಳಿ. ಯಂತ್ರದ ಅಡಿಯಲ್ಲಿ ಅಂಟಿಸಿದ ಚೀಟಿಯಿಂದ ಮಾದರಿಯ ಹೆಸರನ್ನೂ ಸೀರಿಯಲ್ ನಂಬರನ್ನೂ ಬರೆದುಕೊಳ್ಳಿ. ಡೆಲ್, ಎಚ್‌ಪಿ, ಲೆನೊವೊ, ಏಸರ್, ಏಸುಸ್ ಹೀಗೆ ಯಾರು ತಯಾರಿಸಿದರೋ ಅವರ ಸ್ವಂತ ಜಾಲತಾಣದ ಸಪೋರ್ಟ್ ವಿಭಾಗದಲ್ಲಿ ಆ ನಂಬರು ಕೊಟ್ಟರೆ ನಿಮ್ಮ ಯಂತ್ರದ ಆಡಿಯೋ ಡ್ರೈವರು ಉಚಿತವಾಗಿ ಸಿಗುತ್ತದೆ. ಅದನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ಹೊಸ ಜಾಬರ ಬಾಗಿಲಲ್ಲಿ ನಿಂತಿದ್ದರೆ ಹಳಬನನ್ನು ಕಳುಹಿಸಲು ಅಂಜಿಕೆಯಿಲ್ಲ.

ಆಮೇಲೆ ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ, ಡಿವೈಸ್ ಮ್ಯಾನೇಜರ್ ಎಂಬುದನ್ನು ತೆರೆಯಿರಿ. ಇದು ಯಂತ್ರದೊಳಗಿನ ಬಿಡಿಭಾಗಗಳ ಹಾಜರಿಪಟ್ಟಿ. ಅದರಲ್ಲಿ ಸೌಂಡ್, ವಿಡಿಯೋ ಅಂಡ್ ಗೇಮ್ ಕಂಟ್ರೋಲರ್ಸ್ ಎಂಬ ಸಾಲನ್ನು ಬಿಡಿಸಿದರೆ ಬಹುಮಟ್ಟಿಗೆ ರಿಯಲ್‌ಟೆಕ್ ಎಂಬ ಹೆಸರು ಕಾಣುತ್ತದೆ. ಇದು 1987ರಲ್ಲಿ ತೈವಾನಿನಲ್ಲಿ ಸ್ಥಾಪನೆಯಾದ ಚಿಪ್ಪು ತಯಾರಕರ ಹೆಸರು. ಹೆಸರಿನ ಮೇಲೆ ಕೆಳಮುಖದ ಬಾಣವಿದ್ದರೆ ಅದನ್ನು ನಿಲ್ಲಿಸಿಡಲಾಗಿದೆ ಎಂದರ್ಥ. ಬಲಗುಂಡಿ ಒತ್ತಿ ಎನೇಬಲ್ ಮಾಡಿದರೆ ಆಯಿತು. ಹಳದಿ ತ್ರಿಕೋನವಿದ್ದರೆ ಆ ಸಾಲಿನಲ್ಲಿ ದೋಷವಿದೆ. ಅನೇಕ ವೇಳೆ ಅದು ಡ್ರೈವರಿನದೇ ಆಗಿರುತ್ತದೆ.

ಅಪ್‌ಡೇಟ್ ಆದ ಮರುದಿನವೇ ಸದ್ದು ಹೋಗಿದ್ದರೆ ಇನ್ನೂ ಸುಲಭ. ಆ ಹೆಸರಿನ ಪ್ರಾಪರ್ಟೀಸ್‌ನಲ್ಲಿ ಡ್ರೈವರ್ ಎಂಬ ಪುಟ ತೆರೆದು ರೋಲ್ ಬ್ಯಾಕ್ ಡ್ರೈವರ್ ಒತ್ತಿದರೆ ಹಳೆಯ ಡ್ರೈವರು ಹಿಂದಿರುಗುತ್ತದೆ. ಆ ಗುಂಡಿ ಮಂಕಾಗಿದ್ದರೆ ಹಳೆಯದು ಉಳಿದಿಲ್ಲವೆಂದು ತಿಳಿದು ಮುಂದಕ್ಕೆ ಹೋಗತಕ್ಕದ್ದು.

ಈಗ ರಿಯಲ್‌ಟೆಕ್ ಹೆಸರಿನ ಮೇಲೆ ಬಲಗುಂಡಿ ಒತ್ತಿ ಅನ್‌ಇನ್‌ಸ್ಟಾಲ್ ಡಿವೈಸ್ ಎಂಬುದನ್ನು ಆರಿಸಿ. ಡ್ರೈವರಿನ ಫೈಲನ್ನೂ ಅಳಿಸಬೇಕೇ ಎಂದು ಕೇಳುವ ಒಂದು ಚೌಕ ಕಾಣಿಸಬಹುದು. ಮೊದಲ ಸಲ ಅದನ್ನು ಖಾಲಿ ಬಿಡಿ. ರೀಸ್ಟಾರ್ಟ್ ಮಾಡಿದೊಡನೆ ವಿಂಡೋಸ್ ತನ್ನ ಉಗ್ರಾಣದಲ್ಲಿರುವ ಅದೇ ಡ್ರೈವರನ್ನು ಮತ್ತೆ ಕೂಡಿಸುತ್ತದೆ. ಅನೇಕ ವೇಳೆ ಇಷ್ಟರಿಂದಲೇ ಸದ್ದು ಬರುತ್ತದೆ.

ಬಾರದಿದ್ದರೆ ಉಗ್ರಾಣದಲ್ಲಿರುವ ಫೈಲೇ ಕೆಟ್ಟಿದೆ ಎಂದು ಊಹಿಸಬಹುದು. ಮತ್ತೊಮ್ಮೆ ಅದೇ ಕ್ರಮ, ಆದರೆ ಈ ಸಲ ಚೌಕದಲ್ಲಿ ಗುರುತು ಹಾಕಿ ಫೈಲನ್ನೂ ಅಳಿಸಬೇಕು. ರೀಸ್ಟಾರ್ಟ್ ಆದ ಮೇಲೆ, ಮೊದಲೇ ಇಳಿಸಿಟ್ಟ ಡ್ರೈವರನ್ನು ಎರಡು ಸಲ ಒತ್ತಿ ತೆರೆದು, ಅದು ಹೇಳಿದಂತೆ ನಡೆದು, ಇನ್ನೊಮ್ಮೆ ರೀಸ್ಟಾರ್ಟ್ ಮಾಡಿ. ಈಚಿನ ಕೆಲವು ಲ್ಯಾಪ್‌ಟಾಪುಗಳಲ್ಲಿ ಇಂಟೆಲ್ ಸ್ಮಾರ್ಟ್ ಸೌಂಡ್ ಎಂಬ ಇನ್ನೊಂದು ಡ್ರೈವರಿನ ಬೆಂಬಲವೂ ಬೇಕಾಗುತ್ತದೆ. ತಯಾರಕರ ತಾಣದಲ್ಲಿ ನಿಮ್ಮ ಮಾದರಿಗೆ ಅದನ್ನು ಕೊಟ್ಟಿದ್ದರೆ ಅದನ್ನೂ ಹಾಕಬೇಕು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನವರು 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲವನ್ನು ನಿಲ್ಲಿಸಿದರು. ಆದರೂ ಮೇಲಿನ ಕ್ರಮ ಅದರಲ್ಲಿಯೂ ನಡೆಯುತ್ತದೆ. ಹಳೆಯ ಯಂತ್ರ ಕೊಂಡವರು ಧೈರ್ಯಗೆಡಬೇಕಾಗಿಲ್ಲ.

ಎಚ್ಚರಿಕೆಯ ಮಾತು

ಡ್ರೈವರನ್ನು ಹುಡುಕಹೊರಟಾಗ 'ನಿಮ್ಮ ಡ್ರೈವರುಗಳೆಲ್ಲ ಹಳತಾಗಿವೆ, ಇದನ್ನು ಒತ್ತಿ' ಎಂದು ಕರೆಯುವ ತಾಣಗಳು ಎದುರಾಗುತ್ತವೆ. ಒತ್ತಬೇಡಿ. ಕೆಲವು ಹಣ ಕೇಳುತ್ತವೆ, ಕೆಲವು ಯಂತ್ರದೊಳಗೆ ಕಳ್ಳನನ್ನೇ ಕೂಡಿಸುತ್ತವೆ. ಹುಡುಕಾಟದಲ್ಲಿ ಸಿಕ್ಕ ಯಾವುದೋ ಗ್ರಾಹಕ ಸೇವೆಯ ನಂಬರಿಗೆ ಫೋನು ಮಾಡಿ, ಅವರು ಹೇಳಿದಂತೆ ನಿಮ್ಮ ಪರದೆಯನ್ನು ಅವರ ಕೈಗೆ ಒಪ್ಪಿಸುವುದು ಇನ್ನೂ ಅಪಾಯ. ಬ್ಯಾಂಕಿನ ಖಾತೆಯೇ ಬರಿದಾದೀತು. ಹಾಗೆ ಹಣ ಹೋದರೆ ತಡಮಾಡದೆ 1930ಕ್ಕೆ ಫೋನು ಮಾಡಿ ದೂರು ಕೊಡತಕ್ಕದ್ದು.

ಅಂಗಡಿಗೆ ಹೋಗಬೇಕಾದುದು ಯಾವಾಗ?

ತಂತಿಯ ಇಯರ್‌ಫೋನನ್ನು ಲ್ಯಾಪ್‌ಟಾಪಿನ ಗುಂಡನೆಯ ರಂಧ್ರಕ್ಕೆ ಚುಚ್ಚಿ ನೋಡಿ. ಅದರಲ್ಲಿ ಸದ್ದು ಕೇಳಿಸಿ ಸ್ಪೀಕರಿನಲ್ಲಿ ಮಾತ್ರ ಕೇಳಿಸದಿದ್ದರೆ ಚಿಪ್ಪು ಜೀವಂತವಾಗಿದೆ. ದೋಷ ಸ್ಪೀಕರಿನಲ್ಲೋ, ಅದರ ತಂತಿಯಲ್ಲೋ, ಧೂಳು ಕೂತ ಆ ರಂಧ್ರದಲ್ಲೋ ಇರುವ ಸಂಭವ ಹೆಚ್ಚು. ಆಗ ಅಂಗಡಿಗೆ ಹೋಗಬಹುದು. ಆದರೆ 'ಇಯರ್‌ಫೋನಿನಲ್ಲಿ ಸದ್ದು ಬರುತ್ತದೆ, ಸ್ಪೀಕರನ್ನು ನೋಡಿ' ಎಂದು ನೀವೇ ಹೇಳಬೇಕು. ಹೀಗೆ ಹೇಳಿದವನಿಗೆ ಬೋರ್ಡಿನ ಲೆಕ್ಕ ತೋರಿಸುವುದು ಅಷ್ಟು ಸುಲಭವಲ್ಲ. ಎರಡರಲ್ಲಿಯೂ ಸದ್ದಿಲ್ಲದೆ, ಹೊಸ ಡ್ರೈವರೂ ನಿಲ್ಲದೆ ಹೋದರೆ ಚಿಪ್ಪಿನ ದೋಷವಿರಬಹುದು. ಆಗಲೂ ಬೋರ್ಡೇ ಬೇಕೆಂದಿಲ್ಲ. ಯುಎಸ್‌ಬಿಗೆ ಚುಚ್ಚುವ ಇಯರ್‌ಫೋನಿನಲ್ಲಿ ಅದರದೇ ಸದ್ದಿನ ಚಿಪ್ಪು ಇರುವುದರಿಂದ, ಒಳಗಿನದು ಕೆಟ್ಟರೂ ಅದು ಕೆಲಸ ಕೊಡುತ್ತದೆ. ಸಂದರ್ಶನ ಇನ್ನೊಂದು ಗಂಟೆಯಲ್ಲಿದೆ ಎನ್ನುವವರಿಗಂತೂ ಅದು ಆಪದ್ಬಂಧು.

ಫಾರ್ಮ್ಯಾಟ್ ಎಂಬುದು ಕಟ್ಟಕಡೆಯ ಉಪಾಯ. ಅದಕ್ಕೆ ಒಪ್ಪುವ ಮೊದಲು ನಿಮ್ಮ ಫೈಲುಗಳ ನಕಲು ಬೇರೆಡೆ ಇದೆಯೇ ಎಂದು ಸ್ವತಃ ತೆರೆದು ನೋಡಿ ಖಾತ್ರಿಮಾಡಿಕೊಳ್ಳಿ. ಬೆವರು ಸುರಿಸಿ ಗಳಿಸಿದ ಹಣದಿಂದ ಕೊಂಡ ಯಂತ್ರ ಇದು. ಅದರ ವಿಷಯದಲ್ಲಿ ನಾಲ್ಕು ಮಾತು ತಿಳಿದವನಿಗೆ ಅಂಗಡಿಯವನೂ ಗೌರವದಿಂದ ಉತ್ತರ ಕೊಡುತ್ತಾನೆ. ಈ ಪುಟವನ್ನು ಲ್ಯಾಪ್‌ಟಾಪಿನ ಚೀಲದಲ್ಲಿಯೇ ಮಡಚಿಟ್ಟುಕೊಳ್ಳಿ. ಓದಲು ಬಾರದ ನೆರೆಯವರಿದ್ದರೆ ಅವರ ಪಕ್ಕದಲ್ಲಿ ಕುಳಿತು ಒಂದೊಂದೇ ಹೆಜ್ಜೆಯನ್ನು ಮಾಡಿ ತೋರಿಸಿ.